ಎಡಗೈಗೆ ತೆರೆಯುವ ಒಲೆ

ಬೆಟಗೇರಿ,
೧೧ ಮೇ ೧೯೪೮, ಮಂಗಳವಾರ

ಚಿ. ಸೌ. ಉಡಚವ್ವಳಿಗೆ ನಿನ್ನ ಅಪ್ಪನ ಆಶೀರ್ವಾದಗಳು.

ಇಲ್ಲಿ ನಾನೂ ನಿನ್ನ ಅವ್ವನೂ ಕ್ಷೇಮ. ಮುಂಡರಗಿಯಲ್ಲಿ ನೀನೂ ನಿನ್ನ ಸೋದರತ್ತೆ ದೇವವ್ವನೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಪತ್ರ ಬಂದು ಇಂದಿಗೆ ಹತ್ತೊಂಬತ್ತು ದಿನ. ಎಡಗೈಯಿಂದ ಬರೆದದ್ದೆಂದು ವಿಳಾಸ ನೋಡಿದೊಡನೆ ತಿಳಿಯಿತು. ಐದು ಸಾಲಿನ ಪತ್ರಕ್ಕೆ ಉತ್ತರಿಸಲು ಇಷ್ಟು ದಿನ ತೆಗೆದುಕೊಂಡೆ. ಹತ್ತಿ ಪ್ರೆಸ್ಸಿನಲ್ಲಿ ಬಾಯ್ಲರಿನ ತಪಾಸಣೆ ಇತ್ತು ಎಂದು ಬರೆಯಬಹುದಿತ್ತು. ತಪಾಸಣೆ ಇದ್ದದ್ದು ನಿಜ. ತಡಕ್ಕೆ ಕಾರಣ ಅದಲ್ಲ. ಮನ್ನಿಸು.

‘ಮೇ ಹದಿನೇಳರ ಸೋಮವಾರ ಮಾವನವರು ಕಾಗದ ತರುತ್ತಾರೆ, ಸಹಿ ಮಾಡಿ ಕೊಡುತ್ತೇನೆ, ತಪ್ಪು ನನ್ನದೇ, ನೀವು ಜಗಳಕ್ಕೆ ಹೋಗಬೇಡಿರಿ’ ಎಂದು ಬರೆದಿದ್ದೀ. ಆ ಕಾಗದವನ್ನು ನಿನ್ನ ಮಾವ ಅಂದಾನಪ್ಪನವರು ನನಗೂ ಓದಿ ತೋರಿಸಿದ್ದಾರೆ. ಅದರಲ್ಲಿರುವುದು ಇಷ್ಟು: ಹೋದ ವರ್ಷದ ಮಾರ್ಚಿನಲ್ಲಿ ಲಕ್ಷ್ಮೇಶ್ವರದ ಮನೆಯಲ್ಲಿ ಪಂಪಿನ ಸ್ಟೋವು ಒಡೆದು ನಿನ್ನ ಬಲಗೈ ಸುಟ್ಟದ್ದು ನಿನ್ನ ಸ್ವಂತ ಅಜಾಗರೂಕತೆಯಿಂದ. ಅನಂತರ ಗಂಡನ ಮನೆ ಬಿಟ್ಟದ್ದು ನಿನ್ನ ಸ್ವಂತ ಇಚ್ಛೆಯಿಂದ. ನಿನ್ನ ಗಂಡ ಮತ್ತೊಂದು ಲಗ್ನವಾದರೆ ನಿನ್ನ ತಕರಾರಿಲ್ಲ. ಮೂರು ವಾಕ್ಯಗಳು. ಅವುಗಳಲ್ಲಿ ಒಂದೂ ನಿಜವಲ್ಲ.

ಎರಡು ತಿಂಗಳ ಹಿಂದೆ ಲಕ್ಷ್ಮೇಶ್ವರ ಮಿರಜ ಸಂಸ್ಥಾನದಿಂದ ಬಿಡುಗಡೆಯಾಗಿ ಮುಂಬಯಿ ಪ್ರಾಂತಕ್ಕೆ ಸೇರಿತು. ಒಬ್ಬ ಹೆಂಡತಿಯಿರುವಾಗ ಮತ್ತೊಬ್ಬಳನ್ನು ತರಲು ಪ್ರಾಂತದ ಕಾಯಿದೆ ಅಡ್ಡ ಬರುತ್ತದೆ. ಹಳೆಯ ಆಳಿಕೆಯಿದ್ದಿದ್ದರೆ ಅವರು ನಿನ್ನನ್ನು ಕೇಳುತ್ತಲೇ ಇರಲಿಲ್ಲ. ಈಗ ಕೇಳಬೇಕಾಗಿದೆ. ಕೇಳಬೇಕಾದವರಿಗೆ ಇಲ್ಲವೆನ್ನುವ ಹಕ್ಕು ನಿನಗೆ ಬಂದಿದೆ. ಅದನ್ನು ಉಪಯೋಗಿಸು. ಕಾಯಿದೆಯ ಉಳಿದ ಮಾತನ್ನು ವಕೀಲರಿಗೆ ಬಿಡುತ್ತೇನೆ. ನನಗೆ ತಿಳಿದ ವಿಷಯ ಕಬ್ಬಿಣ ಮತ್ತು ಬೆಂಕಿ.

ಆ ವಿಷಯದಲ್ಲೇ ಒಂದು ಸುದ್ದಿಯಿದೆ. ಪ್ರೆಸ್ಸಿನ ಬಿಳಿಯ ಮ್ಯಾನೇಜರರು ಊರಿಗೆ ಹೊರಟಾಗ ಬಂಗಲೆಯ ಸಾಮಾನನ್ನೆಲ್ಲ ವಿಲೇವಾರಿ ಮಾಡಿದರು. ಹಿತ್ತಲಲ್ಲಿ ಕೋಳಿಗಳು ತತ್ತಿಯಿಡುತ್ತಿದ್ದ ಒಂದು ಕಬ್ಬಿಣದ ಪೆಟ್ಟಿಗೆಯನ್ನು ಯಾರೂ ಮೂಸಲಿಲ್ಲ. ಅದು ಪೆಟ್ಟಿಗೆಯಲ್ಲ, ನಿಂತು ಅಡುಗೆ ಮಾಡುವ ಒಲೆ ಎಂದು ನನಗೆ ಗೊತ್ತಾಯಿತು. ಎತ್ತಿನ ಗಾಡಿಯಲ್ಲಿ ಹೇರಿಸಿ ತಂದೆ. ಓಣಿಯ ಮಂದಿ ಗಾಡಿಯ ಹಿಂದೆಯೇ ಬಂದರು. ನಿನ್ನ ಅವ್ವ ಬಾಗಿಲಲ್ಲೇ ಅಡ್ಡ ನಿಂತಳು.

“ಇದರಾಗ ಆ ಮಂದಿ ಏನೇನು ಬೇಯಿಸ್ಯಾರೋ. ದನಾ, ಹಂದಿ. ನನ್ನ ಅಡಗೀಮನಿಗೆ ತರಬ್ಯಾಡ್ರಿ.”

“ಕಬ್ಬಿಣ ಐತಿ. ಕೆಂಪಗ ಕಾಸಿದ್ರ ಏನೂ ಉಳಿಯಂಗಿಲ್ಲ” ಎಂದೆ.

“ನಿಮಗ ಎಲ್ಲಾ ಬರೇ ಕಬ್ಬಿಣ” ಎಂದು ಒಳಗೆ ಹೋದಳು. ಮೂರು ದಿನ ಆ ಒಲೆ ಅಂಗಳದಲ್ಲೇ ಇತ್ತು.

ಮೊದಲು ಅದರ ಕುಲಗೋತ್ರ ತಿಳಿಯಬೇಕಿತ್ತು. ತಂತಿಯ ಬ್ರಶ್ಶು ಮತ್ತು ಎಣ್ಣೆಯಿಂದ ತಿಕ್ಕಿದ ಮೇಲೆ ಬಾಗಿಲ ಮೇಲೆ ಉಬ್ಬಿದ ಅಕ್ಷರಗಳು ಕಂಡವು: ಸ್ಕಾಟ್ಲೆಂಡಿನ ಫಾಲ್ಕರ್ಕ್ ಎಂಬ ಊರು, ಕೆಳಗೆ ಏಳು ಎಂಬ ಅಂಕಿ. ವರ್ಷವಿಲ್ಲ. ಬೆಂಕಿಯ ಕೆಳಗಿನ ಸರಳುಗಳ ನಡುವೆ ಅರ್ಧ ಇಂಚಿನ ಸಂದು ಮಾತ್ರ ಇದ್ದುದರಿಂದ ಇದು ಕಲ್ಲಿದ್ದಲಿಗಾಗಿ ಎರಕ ಹೊಯ್ದ ಒಲೆಯೆಂದು ತಿಳಿದೆ. ನಮ್ಮಲ್ಲಿ ಉರಿಸುವುದು ಜಾಲಿ ಕಟ್ಟಿಗೆ, ಹತ್ತಿ ಕಟ್ಟಿಗೆ. ಸರಳುಗಳು ಹೇಗೂ ಬಾಗಿದ್ದವು, ಹೊಸವು ಬೇಕಾದವು. ಹೊಗೆಯ ದಾರಿಯಲ್ಲಿ ಮಸಿ ಕಲ್ಲಿನಂತೆ ಕಟ್ಟಿತ್ತು. ಅದನ್ನು ಉಳಿಯಿಂದ ತೆಗೆದು, ಒಳಗೆ ದೀಪವಿಟ್ಟು, ಹೊರಗಿನಿಂದ ಕತ್ತಲೆಯಲ್ಲಿ ಪ್ರತಿಯೊಂದು ಸಂದನ್ನೂ ನೋಡಿದೆ. ಬೆಳಕು ಇಣುಕಿದ ನಾಲ್ಕು ಕಡೆ ಶಾಖ ತಡೆಯುವ ಬೆಂಕಿಮಣ್ಣು ತುಂಬಿದೆ. ಎರಕದಲ್ಲಿ ಸೀಳಿಲ್ಲ. ಇದನ್ನು ಒಂದಲ್ಲ, ಮೂರು ಸಲ ಪರೀಕ್ಷಿಸಿದ್ದೇನೆ.

ಸರಳುಗಳನ್ನು ನಮ್ಮ ಓಣಿಯ ಕಮ್ಮಾರ ಮರ್ದಾನಸಾಬರು ಬಡಿದು ಕೊಟ್ಟರು. ಬೆಂಕಿಯ ಬಾಗಿಲ ಹಿಡಿಕೆ ಬಲಗೈಗೆ ಸಿಗುವಂತಿತ್ತು. ಅದರ ತಿರುಗಣಿಗಳನ್ನು ಕಿತ್ತು ಇನ್ನೊಂದು ಬದಿಗೆ ಕೂಡಿಸಬೇಕೆಂದಾಗ ಅವರು ಸುತ್ತಿಗೆ ಕೆಳಗಿಟ್ಟರು.

“ಫೋರಮನ್ ಸಾಹೇಬ್ರ, ಇದನ್ನ ಮಾಡಿದ ಬಿಳೇರಿಗೆ ಬುದ್ಧಿ ಇರಲಿಲ್ಲೇನ್ರಿ? ಸುಮ್ನ ಯಾಕ ಬೀಡುಕಬ್ಬಿಣ ಕೊರಸ್ತೀರಿ? ಸೀಳಿದ್ರ ನನ್ನ ಮ್ಯಾಲ ಬರ್ತೀರಿ.”

“ಎಡಗೈಲೆ ತೆರೀಬೇಕು” ಎಂದೆ.

ಅವರು ಸುತ್ತಿಗೆಯನ್ನು ಮತ್ತೆ ಎತ್ತಿಕೊಂಡರು. “ಹಂಗಾರ ಹಿಡಿಕೀನೂ ದಪ್ಪ ಮಾಡ್ತೀನಿ. ರೂಢಿ ಇಲ್ಲದ ಕೈಯಾಗ ಜಾರಬಾರ್ದು” ಎಂದರು. ನೀರಿನ ತೊಟ್ಟಿಯ ನಳವನ್ನೂ, ಹೊಗೆ ತಡೆಯುವ ಮುಚ್ಚಳದ ಹಿಡಿಯನ್ನೂ ಹಾಗೆಯೇ ಎಡಕ್ಕೆ ತಂದೆವು. ಎಲ್ಲವನ್ನೂ ನಾನು ನನ್ನ ಬಲಗೈಯನ್ನು ಬೆನ್ನಿಗೆ ಕಟ್ಟಿಕೊಂಡು ತೆರೆದು ಮುಚ್ಚಿ ನೋಡಿದ್ದೇನೆ. ನಿನ್ನ ಅವ್ವ ಇದನ್ನು ಕಂಡು ಮೊದಲು ನಕ್ಕಳು, ಆಮೇಲೆ ನಗಲಿಲ್ಲ. ಆ ದಿನವೇ ಒಲೆ ಒಳಗೆ ಬಂತು.

ಆದರೆ ಅವಳ ಪರೀಕ್ಷೆಯಲ್ಲಿ ನಾನು ಸೋತೆ. ಒಲೆ ಹೊತ್ತಿತು, ಹೊಗೆ ಕೊಳವೆಯಲ್ಲಿ ಹೋಯಿತು, ಹಂಚು ಕಾಯಿತು. ಅವಳು ಮೊದಲ ರೊಟ್ಟಿಯನ್ನು ಎರಡೂ ಬದಿ ಬೇಯಿಸಿ ಕೈಯಲ್ಲಿ ಹಿಡಿದು ನಿಂತುಬಿಟ್ಟಳು.

“ಎಲ್ಲಾ ಚಲೋ ಐತಿ. ರೊಟ್ಟಿ ಎಲ್ಲಿ ಉಬ್ಬಸ್ಲಿ?”

ನನಗೆ ಅರ್ಥವಾಗಲಿಲ್ಲ.

“ಮೂವತ್ತು ವರ್ಷ ನನ್ನ ಕೈಲೆ ರೊಟ್ಟಿ ತಿಂದೀರಿ. ಹಂಚಿನ ಮ್ಯಾಲಿಂದ ತಗದು ಕೆಂಡಕ್ಕ ಆನಿಸಿ ನಿಲ್ಲಸ್ತೀನಿ ಅನ್ನೂದು ಒಂದಿನಾನೂ ನೋಡಿಲ್ಲೇನು? ನೀವು ನೋಡೂದು ತಾಟು ಮುಂದ ಬಂದಾಗಷ್ಟ.”

ನಿಜವಾಗಿ ನೋಡಿರಲಿಲ್ಲ. ಬೆಂಕಿಯನ್ನು ನಾಲ್ಕೂ ಕಡೆ ಮುಚ್ಚಿದ್ದನ್ನೇ ನಾನು ದೊಡ್ಡ ಗುಣವೆಂದು ತಿಳಿದಿದ್ದೆ. ಕಡೆಗೆ ಬೂದಿಯ ತಟ್ಟೆಯನ್ನು ಅಗಲ ಮಾಡಿ ಮುಂದಕ್ಕೆ ಚಾಚಿಸಿದೆ. ಕೆಂಡವನ್ನು ಅದಕ್ಕೆ ಎಳೆದುಕೊಳ್ಳಬಹುದು, ಉರಿ ಮಾತ್ರ ಹೊರಗೆ ಬರುವುದಿಲ್ಲ. ಎದುರಿಗೆ ರೊಟ್ಟಿ ಆನಿಸಲು ಒಂದು ಕಂಬಿ. ಈಗ ರೊಟ್ಟಿ ಉಬ್ಬುತ್ತದೆ. ಓಣಿಯಲ್ಲಿ ನಾವು ಜಾತಿಗೆಟ್ಟೆವೆಂದು ಆಡಿಕೊಳ್ಳುವವರಿದ್ದಾರೆ. ಆಡಿಕೊಳ್ಳಲಿ. ಹೊಗೆಯಿಲ್ಲದ ಅಡುಗೆಮನೆಯನ್ನು ನೋಡಲು ಅವರ ಮನೆಯ ಹೆಂಗಸರೇ ಹಿತ್ತಲ ಬಾಗಿಲಿನಿಂದ ಬಂದು ಹೋಗುತ್ತಿದ್ದಾರೆ.

ಅಂದಾನಪ್ಪನವರು ಬಂದದ್ದು ಹೋದ ಗುರುವಾರ. ನಾನು ಕೊಳವೆಗೆ ಪಟ್ಟಿ ಬಿಗಿಯುತ್ತಿದ್ದೆ.

“ಏನ್ರಿ ಬೀಗರ, ಮನ್ಯಾಗ ಬಾಯ್ಲರ್ ಕಟ್ಟಾಕ ಹತ್ತೀರೇನು?”

“ಒಲಿ ಐತ್ರಿ” ಎಂದೆ.

“ಮಗಳ ಕೈ ಸುಟ್ಟ ಮ್ಯಾಲೂ ಒಲಿ ಹುಚ್ಚು ಬಿಟ್ಟಿಲ್ಲ ಅನ್ರಿ.” ಕುಳಿತು ಕಾಗದ ಓದಿದರು. ಆಮೇಲೆ, “ಆಕಿಗೆ ಸ್ಟೋ ಹಚ್ಚೂ ಹದಾ ಗೊತ್ತಿರಲಿಲ್ಲ, ಪಂಪ್ ಹೊಡದಿದ್ದ ಹೊಡದಿದ್ದು. ಹಂಗಂತ ನಾವೇನು ಹೊರಗ ಹಾಕ್ತೀವೇನು? ಬರಲಿ, ಒಂದು ಮೂಲ್ಯಾಗ ಇರಲಿ. ಆದ್ರ ಮನಿ ನಡಸಾಕ ಎರಡು ಕೈ ಬೇಕಲ್ರಿ” ಎಂದರು.

ಉತ್ತರ ಕೊಟ್ಟವಳು ನಿನ್ನ ಅವ್ವ.

“ನಿಮ್ಮ ಮಗಗ ಎರಡೂ ಕೈ ಅದಾವಲ್ರಿ. ಒಂದಿನಾರ ನನ್ನ ಮಗಳಿಗೆ ಚಹಾ ಕಾಸಿ ಕೊಟ್ಟಾನೇನು? ದವಾಖಾನಿಯೊಳಗ ಐದು ತಿಂಗಳಿದ್ಲು, ಆ ಎರಡು ಕೈ ಎಲ್ಲಿದ್ವು? ಇರ್ಲಿ, ಚಹಾ ಕುಡೀರಿ. ಇದ ಒಲಿ ಮ್ಯಾಲ ಕಾಸೀನಿ.”

“ಬಿಳೇರ ಒಲೀ ಚಹಾ ನಮಗ ಬ್ಯಾಡ್ರಿ.”

“ಬ್ಯಾಡಂದ್ರ ಬಿಡ್ರಿ” ಎಂದು ಆ ಬಟ್ಟಲನ್ನು ಅವರ ಎದುರಿಗೇ ಕುಡಿದು ಮುಗಿಸಿದಳು.

ಮಗಳೇ, ನಿನ್ನ ಅವ್ವನ ಮಾತಿಗೆ ನನ್ನದನ್ನು ಸೇರಿಸುತ್ತೇನೆ. ಸೋಮವಾರ ಅವರು ಲೇಖನಿ ಮುಂದಿಟ್ಟರೆ ಮುಟ್ಟಬೇಡ. ಹಿರಿಯರೆಂದು ಎದ್ದು ನಿಲ್ಲು, ನೀರು ಕೊಡು, ಕಾಗದವನ್ನು ಮಾತ್ರ ಹಿಂದಿರುಗಿಸು. ಆ ಮನೆಯ ಮೂಲೆಯಲ್ಲಿ ನೀನು ಇರತಕ್ಕದ್ದಿಲ್ಲ. ದೇವವ್ವನ ಮನೆಯಲ್ಲಿ ಮುಖ ಮರೆಸಿಕೊಂಡೂ ಇರತಕ್ಕದ್ದಿಲ್ಲ. ಬೆಟಗೇರಿಯ ಓಣಿ ನಿನ್ನ ಕೈಯನ್ನು ನೋಡುವುದಾದರೆ ನೋಡಲಿ. ಎರಡು ದಿನ ನೋಡಿ ಸಾಕುಮಾಡುತ್ತದೆ. ಇಲ್ಲಿ ನಿನ್ನ ಎಡಗೈಗೆ ಒಗ್ಗುವ ಅಡುಗೆಮನೆಯಿದೆ. ನೀನು ಅಡುಗೆ ಮಾಡಲೇಬೇಕೆಂದು ಅಲ್ಲ. ಮಾಡಲಾರೆ ಎಂದು ಯಾರೂ ಅನ್ನಬಾರದೆಂದು.

ದೇವವ್ವನಿಗೆ ನನ್ನ ಶರಣು ತಿಳಿಸು. ಶಿವನು ನಿನಗೆ ಆಯುಷ್ಯವನ್ನೂ, ಅದಕ್ಕಿಂತ ಮೊದಲು ಗಟ್ಟಿ ಮನಸ್ಸನ್ನೂ ಕೊಡಲಿ.

ಇಂತಿ ನಿನ್ನ ಅಪ್ಪ,
ಗವಿಸಿದ್ದಪ್ಪ

ತಾ. ಕ.: ಮೇಲಿನದನ್ನು ಬರೆದು ಲಕೋಟೆಗೆ ಹಾಕಿ ಮತ್ತೆ ತೆಗೆದಿದ್ದೇನೆ. ಹತ್ತೊಂಬತ್ತು ದಿನ ತಡೆದದ್ದು ಇದನ್ನು ಬರೆಯಲಾರದೆ.

ಆ ಸ್ಟೋವನ್ನು ನಿನ್ನ ಲಗ್ನದಲ್ಲಿ ಕೊಟ್ಟವನು ನಾನು. ಹಳೆಯದು, ನಾನೇ ರಿಪೇರಿ ಮಾಡಿದ್ದೆ. ಒಡೆದ ಮೇಲೆ ಲಕ್ಷ್ಮೇಶ್ವರದಿಂದ ಗೋಣಿಯಲ್ಲಿ ಸುತ್ತಿ ತಂದು ಮೂರನೆಯ ದಿನ ಬಿಚ್ಚಿ ನೋಡಿದೆ. ಉರಿಯ ಕೆಳಗೆ ಕೊಳವೆ ಕೂಡುವಲ್ಲಿ ಹಿತ್ತಾಳೆಯ ಬೆಸುಗೆ ಹಾಕಬೇಕಿತ್ತು. ನಿನ್ನನ್ನು ಕಳಿಸುವ ಹಿಂದಿನ ದಿನದ ಅವಸರದಲ್ಲಿ ನಾನು ತವರದ ಬೆಸುಗೆ ಹಾಕಿದ್ದೆ. ಶಾಖಕ್ಕೆ ತವರ ಕರಗಿ ಇಳಿದಿತ್ತು. ಬಾಯ್ಲರಿಗೆ ಒಂದೂವರೆ ಪಟ್ಟು ಒತ್ತಡ ಹಾಕಿ ನೋಡದೆ ಬೆಂಕಿ ಕೊಡದ ನಾನು ಆ ಸ್ಟೋವನ್ನು ಗಾಳಿ ತುಂಬಿ ನೀರಿನಲ್ಲಿಟ್ಟು ಒಮ್ಮೆಯೂ ಪರೀಕ್ಷಿಸಿರಲಿಲ್ಲ.

ನೀನು ಪಂಪನ್ನು ಹೆಚ್ಚು ಹೊಡೆಯಲಿಲ್ಲ. ನಾನು ಕಲಿಸಿದಷ್ಟೇ ಹೊಡೆದಿದ್ದೀ. ಹದಿನಾಲ್ಕು ತಿಂಗಳು ಅವರು ನಿನ್ನನ್ನು ದೂರಿದರು, ನೀನೂ ನಿನ್ನನ್ನೇ ದೂರಿಕೊಂಡೆ. ನಾನು ಕೇಳುತ್ತ ಕುಳಿತಿದ್ದೆ.

ಇಂದು ಬೆಳಿಗ್ಗೆ ಇದನ್ನು ನಿನ್ನ ಅವ್ವನಿಗೆ ಹೇಳಿದೆ. ಒಲೆಯ ಮುಂದಿನಿಂದ ಎದ್ದು ಹೋದವಳು ಇನ್ನೂ ನನ್ನೊಡನೆ ಮಾತನಾಡಿಲ್ಲ. ಅಂದಾನಪ್ಪನವರಿಗೂ ಇದನ್ನೇ ಬರೆದು, ಸಹಿ ಮಾಡಿ, ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇನೆ. ಅಜಾಗರೂಕತೆಯೆಂಬ ಮಾತಿಗೆ ಒಂದು ಹೆಸರು ಬೇಕಿದ್ದರೆ ಈಗ ಅವರ ಕೈಯಲ್ಲಿ ನನ್ನದಿದೆ.

ಈ ಮನೆಗೆ ಬಾ ಎನ್ನುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ ತಿಳಿಯದು. ಬರದಿದ್ದರೂ ನಾನು ಏಕೆಂದು ಕೇಳುವುದಿಲ್ಲ. ಸಹಿಯನ್ನು ಮಾತ್ರ ಮಾಡಬೇಡ.