ಮೂರನೇ ಸಲ ಕರೆಯದ ತಂಗಿಗೆ

ಲ್ಯಾಂಡರ್, ವಯೋಮಿಂಗ್
ಜುಲೈ 12

ಪ್ರೀತಿಯ ಮಾರ್ಲಿಸ್,

ಹೇಗಿದ್ದೀಯ? ಮಂಡಿ ನೋವು ಹೇಗಿದೆ? ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದುಕೊಳ್ಳುತ್ತೀಯ ತಾನೆ? ಇಪ್ಪತ್ತೆರಡಕ್ಕೆ ಆಪರೇಷನ್ ಎಂಬುದು ನನಗೆ ಚೆನ್ನಾಗಿ ನೆನಪಿದೆ. ಈಸ್ಟರ್ ಹಬ್ಬದಿಂದ ನಾವಿಬ್ಬರೂ ಮಾತು ಬಿಟ್ಟಿದ್ದೇವೆ, ನಿಜ. ಆದರೂ ಇದನ್ನು ಹರಿದು ಹಾಕಬೇಡ ಮಾರಾಯ್ತಿ, ಕೊನೆವರೆಗೆ ಓದು.

ನಾನು ಚೆನ್ನಾಗಿದ್ದೇನೆ. ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ನನ್ನ ಜೊತೆ ಬೆಂದ ಆರ್ಲೀನ್ ಗೊತ್ತಲ್ಲ, ಅವಳು ಜೂನ್ ಕೊನೆಗೆ ಮನೆ ಮುಂದೆ ಕಾರು ತಂದು ನಿಲ್ಲಿಸಿ, "ಹತ್ತು ಕಣೇ, ಕಾಲು ಗಟ್ಟಿ ಇರೋವಾಗ್ಲೇ ಗೆಳತೀರನ್ನೆಲ್ಲ ನೋಡ್ಕೊಂಡು ಬರೋಣ" ಅಂದಳು. ನಾನು ಎರಡು ಸಲ ಬೇಡವೆಂದೆ, ಅವಳು ಮೂರನೇ ಸಲ ಕರೆದಳು, ಹೊರಟೆ. ಅವಳು ಬರುವ ಸುಳಿವು ಸಿಕ್ಕಿ ಪೆಟ್ಟಿಗೆಯನ್ನು ಹಿಂದಿನ ದಿನವೇ ತುಂಬಿಟ್ಟಿದ್ದೆ ಅನ್ನು! ಮೂರನೇ ಸಲ ಕರೆಯುವ ಮೊದಲೇ ಹೂಂ ಅಂದರೆ ಅಮ್ಮ ತೊಡೆ ಚಿವುಟುತ್ತಿದ್ದಳಲ್ಲ, ಮಿನ್ನೆಸೋಟದಲ್ಲಿ ಹುಟ್ಟಿದವರಿಗೆ ಆ ಬುದ್ಧಿ ಎಲ್ಲಿ ಹೋಗುತ್ತದೆ?

ದಕ್ಷಿಣ ಡಕೋಟಾದಲ್ಲಿ ಬೆಟ್ಟಕ್ಕೆ ಕೆತ್ತಿದ ನಾಲ್ವರು ಅಧ್ಯಕ್ಷರನ್ನೂ ನೋಡಿದೆವು. "ಇಷ್ಟುದ್ದ ಮೂಗು ತೊಳೆಯೋರು ಯಾರೇ?" ಎಂದು ಆರ್ಲೀನ್ ಎಲ್ಲರಿಗೂ ಕೇಳುವಂತೆ ಅಂದಳು. ಅದರ ಮಾರನೆಯ ದಿನ ಟೈರು ಒಡೆದು ಬಿಸಿಲಲ್ಲಿ ನಿಂತಾಗ, ದನದ ಲಾರಿಯವನೊಬ್ಬ ತಾನಾಗಿಯೇ ಇಳಿದು ಟೈರು ಬದಲಿಸಿ, ಕುಡಿಯಲು ತಣ್ಣೀರು ಕೊಟ್ಟು, ಹೆಸರೂ ಹೇಳದೆ ಹೋದ. ಹೋದ ಕಡೆಯಲ್ಲೆಲ್ಲ ಒಗೆದ ಹಾಸಿಗೆ, ಬೆಳಿಗ್ಗೆ ಬಿಸಿ ಕಾಫಿ. ಈ ವಯಸ್ಸಿನಲ್ಲಿ ಇಷ್ಟು ಜನರ ಪ್ರೀತಿ ಸಿಕ್ಕಿತಲ್ಲ, ಕಣ್ಣು ತುಂಬಿ ಬರುತ್ತದೆ.

ನಿನ್ನೆ ಇಲ್ಲಿಗೆ, ಆರ್ಲೀನಳ ಗೆಳತಿ ರೊವೀನಾಳ ಮನೆಗೆ ಬಂದೆವು. ದನ ಮೇಯಿಸಿಕೊಂಡು ಇಲ್ಲೇ ಹುಟ್ಟಿ ಬೆಳೆದ ಹೆಂಗಸು. ಒಲೆಯ ಮೇಲೆ ಮಾಂಸದ ಸಾರು ಕುದಿಯುತ್ತಿತ್ತು. ನಾವು ಬೆಳಿಗ್ಗೆಯಿಂದ ಬಿಸ್ಕತ್ತು ಬಿಟ್ಟು ಏನೂ ತಿಂದಿರಲಿಲ್ಲ. "ಊಟ ಹಾಕ್ಲಾ?" ಅಂದಳು. ತೊಂದರೆ ತೆಗೆದುಕೊಳ್ಳಬೇಡಿ ಅಂದೆವು. "ಸ್ವಲ್ಪನಾದ್ರೂ?" ಅಂದಳು. ಬೇಡವೇ ಬೇಡ ಅಂದೆವು. "ಸರಿ ಹಾಗಾದ್ರೆ" ಎಂದು ಪಾತ್ರೆ ಮುಚ್ಚಿ ಫ್ರಿಜ್ಜಿನಲ್ಲಿಟ್ಟೇಬಿಟ್ಟಳು! ಆರ್ಲೀನ್ ಮುಖ ನೀನು ನೋಡಬೇಕಿತ್ತು. ಅಷ್ಟರಲ್ಲಿ ನನ್ನ ಹೊಟ್ಟೆ ಗುರ್ ಅಂದಿತು. ರೊವೀನಾ ತಿರುಗಿ ನೋಡಿ, "ಅದೇನು ನಾಯಿನಾ, ನಿಮ್ಮ ಹೊಟ್ಟೆನಾ? ಹಸಿವಾದ್ರೆ ಹೂಂ ಅನ್ನೋಕೇನು ಕಷ್ಟ? ಬೇಡ ಅಂದ್ರೆ ಬೇಡ ಅಂತ ತಾನೇ ನಾನು ಅಂದ್ಕೊಳ್ಳೋದು!" ಎಂದು ಬೈದು, ಸಾರು ಬಿಸಿ ಮಾಡಿ ಎರಡೆರಡು ಬಟ್ಟಲು ತಿನ್ನಿಸಿದಳು.

ಎರಡನೇ ಬಟ್ಟಲು ತಿನ್ನುತ್ತಾ ಚಮಚ ಕೆಳಗಿಟ್ಟೆ. ಈಸ್ಟರ್ ಹಬ್ಬದ ನಿನ್ನ ಫೋನು ನೆನಪಾಯಿತು. ನೀನು ಆಪರೇಷನ್ ವಿಷಯ ಹೇಳಿ, "ಬೇಸಿಗೆಗೆ ಇಲ್ಲಿಗೇ ಬಾರೇ ಅಕ್ಕ" ಅಂದೆ. ನಿನಗೆ ಯಾಕೆ ತೊಂದರೆ ಅಂದೆ ನಾನು. "ಇಲ್ಲ, ಬಾ" ಅಂದೆ ನೀನು. ಬೇಡ ಬಿಡು ಅಂದೆ ನಾನು. ನೀನು "ಸರಿ" ಎಂದು ಫೋನಿಟ್ಟೆ. ಮೂರನೇ ಸಲ ಕರೆಯುತ್ತೀಯೆಂದು ಸಂಜೆಯವರೆಗೂ ಫೋನಿನ ಪಕ್ಕದಲ್ಲೇ ಕೂತಿದ್ದೆ ಮಾರ್ಲಿಸ್. ಬಾಯಿಮಾತಿಗೆ ಕರೆದಳು ಎಂದುಕೊಂಡು ಮೂರು ತಿಂಗಳು ಮುಖ ಊದಿಸಿಕೊಂಡಿದ್ದೆ. ಮೂವತ್ತು ವರ್ಷದಿಂದ ಆರೆಗಾನಿನಲ್ಲಿರುವ ನಿನಗೆ ಬೇಡ ಅಂದರೆ ಬೇಡವೇ ಎಂಬುದು ಈ ಪೆದ್ದಿಗೆ ಹೊಳೆಯಲೇ ಇಲ್ಲ. ಮಂಡಿ ಕೊಯ್ಯಿಸಿಕೊಳ್ಳುವಾಗಲೂ ಒಡಹುಟ್ಟಿದ ಅಕ್ಕ ಬರುವುದಿಲ್ಲವಲ್ಲ ಎಂದು ನೀನೆಷ್ಟು ನೊಂದಿರಬೇಕು! ತಪ್ಪು ನನ್ನದೇ. ಕರೆದೆಯಲ್ಲ, ಅದೂ ಎರಡು ಸಲ, ಅದಕ್ಕೆ ನಾನು ನಿನಗೆ ಋಣಿ.

ಆರ್ಲೀನ್ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದಳು. ದೇವರು ನಿನ್ನನ್ನು ನೂರು ಕಾಲ ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ಲವಾನ್

ತಾ.ಕ.: ಅಂಚೆಯವನು ಗೇಟಿನಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಯೆಲ್ಲೋಸ್ಟೋನ್ ನೋಡಿಕೊಂಡು ಹದಿನೇಳಕ್ಕೆ ನಿನ್ನ ಮನೆಗೆ ಬರುತ್ತೇವೆ. ಆರ್ಲೀನ್ ವಾಪಸ್ ಹೋಗುತ್ತಾಳೆ. ನೀನು ಕೋಲಿಲ್ಲದೆ ನಡೆಯುವವರೆಗೆ ನಾನು ಅಲ್ಲಿಂದ ಕದಲುವುದಿಲ್ಲ. ಬೇಡ ಅನ್ನಬೇಕೆನ್ನಿಸಿದರೆ ಧಾರಾಳವಾಗಿ ಅನ್ನು, ಒಳಗೆ ಬಂದು ಕೂತು ಕೇಳಿಸಿಕೊಳ್ಳುತ್ತೇನೆ.