ಮೂರು ಸೂಜಿಗಳ ನಡುವೆ

ಚಳ್ಳಕೆರೆ
೧೨ ನವೆಂಬರ್ ೨೦೨೪, ಮಂಗಳವಾರ

ಪ್ರೀತಿಯ ಅವ್ವಾ,

ಇಲ್ಲಿಂದಲೇ ನಿನಗೆ ನಮಸ್ಕಾರ. ಎದುರಿಗಿದ್ದರೂ ಕಾಲು ಮುಟ್ಟುವ ಹಾಗಿಲ್ಲ, ಬಗ್ಗಬೇಡಿ ಎಂದಿದ್ದಾರೆ ಡಾಕ್ಟರು. ನಿನ್ನ ಕೆಮ್ಮು ಹೇಗಿದೆ? ಕಣ್ಣಿನ ಡ್ರಾಪ್ಸನ್ನು ನಿನ್ನ ಸೊಸೆ ನಾಗರತ್ನ ನೆನಪಿಟ್ಟು ಹಾಕುತ್ತಾಳಾ, ಇಲ್ಲ ನೀನೇ ಮುಖ ತಿರುಗಿಸುತ್ತೀಯಾ? ತಮ್ಮ ಓಬಳೇಶ ಮಗ್ಗಕ್ಕೆ ಹೊಸ ಹಾಸು ಏರಿಸಿದ್ದಾನಂತೆ, ಬಣ್ಣ ಯಾವುದು? ಫೋನ್ ಮಾಡಿದರೆ ನೀನು ಅರ್ಧ ಕೇಳಿಸಿಕೊಂಡು, ಉಳಿದರ್ಧ ನೀನೇ ಊಹಿಸಿ ಅಳುತ್ತೀಯ. ಅದಕ್ಕೇ ಈ ಕಾಗದ. ಅಕ್ಷರ ದಪ್ಪಗೆ ಬರೆದಿದ್ದೇನೆ, ನಿಧಾನಕ್ಕೆ ನೀನೇ ಓದು, ಯಾರ ಕೈಲೂ ಓದಿಸಬೇಡ.

ದಸರಾ ಮುಗಿದ ಮೇಲೆ ಒಂದು ದಿನ ಫಿಲ್ಟರ್ ನೀರಿನ ಕ್ಯಾನನ್ನು ಹೊಸಿಲಿನಿಂದ ಒಳಗೆ ಎತ್ತಿಡಲು ಹೋದೆ. ಬೆನ್ನಿನ ನಡುವೆ ಏನೋ ಕಡಿದುಹೋಯಿತು. ಮಗ್ಗದ ಹಾಸಿನಲ್ಲಿ ಒಂದು ಎಳೆ ಕಡಿದುಹೋದರೆ ಕಣ್ಣಿಗಿಂತ ಮೊದಲು ನಿನ್ನ ಬೆರಳಿಗೆ ಗೊತ್ತಾಗುತ್ತಿತ್ತಲ್ಲ, ಹಾಗೆ. ಉಳುಕಿರಬೇಕೆಂದು ಮುಲಾಮು ಹಚ್ಚಿಕೊಂಡು ಕಾಲೇಜಿಗೆ ಹೋಗಿ ಪಾಠವನ್ನೂ ಮಾಡಿದೆ. ನೋವು ಇಳಿಯಲಿಲ್ಲ. ದಾವಣಗೆರೆಯಲ್ಲಿ ಸ್ಕ್ಯಾನ್ ಮಾಡಿಸಿದರೆ ಬೆನ್ನೆಲುಬಿನ ಒಂದು ಮಣಿ ಕುಸಿದು ಚಪ್ಪಟೆಯಾಗಿದೆ. ನಿಮ್ಮೂರ ಮಾರ್ಕೆಟ್ಟಿನಲ್ಲಿ ಜೊಳ್ಳು ಶೇಂಗಾ ನೋಡಿದ್ದೀರಲ್ಲ, ಮೂಳೆ ಹಾಗಾಗಿದೆ ಎಂದರು ಡಾಕ್ಟರು. ಮೂವತ್ತೆಂಟಕ್ಕೇ ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆಸಿದ್ದು ಒಂದು ಕಾರಣವಂತೆ. ಅಂದಿನಿಂದ ಸೀನು ಬಂದರೂ ಗೋಡೆ ಹಿಡಿಯುತ್ತೇನೆ. ಆಟೋ ಹತ್ತಿದರೆ ದೂರದಲ್ಲಿ ರಸ್ತೆಯ ಉಬ್ಬು ಕಾಣುವಾಗಲೇ ಹಲ್ಲು ಕಚ್ಚುತ್ತೇನೆ. ಹಾಸ್ಟೆಲಿನಿಂದ ಬಂದ ಶಿಲ್ಪ ಹಿಂದಿನಿಂದ ತಬ್ಬಿಕೊಳ್ಳಲು ಬಂದಾಗ ಬೇಡ ಎಂದು ಕೂಗಿಬಿಟ್ಟೆ. ಹೆತ್ತ ಮಗಳಿಗೆ, ಅವ್ವಾ. ಕವಿತೆಯ ಪುಸ್ತಕ ಹಿಡಿದು ಕೂತರೂ ಎರಡು ಸಾಲು ದಾಟುವುದರೊಳಗೆ ಕೈ ತಾನಾಗಿ ಬೆನ್ನಿಗೆ ಹೋಗುತ್ತದೆ, ಇನ್ನೂ ನೆಟ್ಟಗಿದೆಯಾ ಎಂದು ನೋಡಲು.

ಗುಳಿಗೆ ಸಾಲದು, ಇಂಜೆಕ್ಷನ್ನೇ ಆಗಬೇಕಂತೆ. ಅದರಲ್ಲೂ ಮೂರು ಬಗೆ. ಮೂರನ್ನೂ ವಿವರಿಸಿ, ಯೋಚಿಸಿ ಬನ್ನಿ ಎಂದು ಕಳಿಸಿದರು. ವರ್ಷಕ್ಕೊಮ್ಮೆ ಡ್ರಿಪ್ಪಿನಲ್ಲಿ ಹಾಕುವುದು ಒಂದು. ಅದಕ್ಕೆ ಕಿಡ್ನಿ ಚೆನ್ನಾಗಿರಬೇಕು, ಕೀಳಿಸಬೇಕಾದ ಹಲ್ಲಿದ್ದರೆ ಮೊದಲೇ ಕೀಳಿಸಬೇಕು, ಮೊದಲ ಸಲ ಜ್ವರ ಮೈಕೈ ನೋವು ಬರಬಹುದು, ತೀರಾ ಅಪರೂಪಕ್ಕೆ ದವಡೆಯ ಮೂಳೆ ಕೆಡಬಹುದು. ಅಪರೂಪ ಎಂಬ ಪದವೊಂದನ್ನು ಬಿಟ್ಟು ಉಳಿದದ್ದೆಲ್ಲ ನನಗೆ ಕೇಳಿಸಿತು. ಇನ್ನೊಂದು ಆರು ತಿಂಗಳಿಗೊಮ್ಮೆ ಚರ್ಮದಡಿ ಚುಚ್ಚುವುದು. ಇದೇ ಸುಲಭವೆಂದು ಒಪ್ಪಿಯೂ ಬಿಟ್ಟಿದ್ದೆ. ಆದರೆ ಇಲ್ಲಿ ನಮ್ಮ ಬೀದಿಯ ಜೀನತ್ ಇದ್ದಾಳಲ್ಲ, ಅವಳ ಅತ್ತೆ ಚಮನ್ ಬೀ ಇದನ್ನೇ ಹಾಕಿಸಿಕೊಳ್ಳುತ್ತಿದ್ದರಂತೆ. ನೋವು ಹೋಯಿತು, ನಡೆದಾಡಿದರು, ಹುಷಾರಾದೆನಲ್ಲ, ಇನ್ನು ಸೂಜಿ ಯಾಕೆ ಎಂದು ಯಾರನ್ನೂ ಕೇಳದೆ ನಿಲ್ಲಿಸಿದರು. ವರ್ಷ ತಿರುಗುವುದರೊಳಗೆ ಬೆನ್ನಿನ ಮಣಿಗಳು ಒಂದರ ಹಿಂದೆ ಒಂದು ಕುಸಿದವು. ಡಾಕ್ಟರನ್ನು ಕೇಳಿದೆ. ನಿಜ, ಅದನ್ನು ತಪ್ಪಿಸಬಾರದು, ಬಿಡುವುದಾದರೆ ಬೇರೆ ಔಷಧಿ ಹಿಡಿದೇ ಬಿಡಬೇಕು ಎಂದರು. ಮೂರನೆಯದು ಪೆನ್ನಿನಂಥದ್ದು. ದಿನಾ ನಾನೇ ಹೊಟ್ಟೆಗೋ ತೊಡೆಗೋ ಚುಚ್ಚಿಕೊಳ್ಳಬೇಕು, ಫ್ರಿಜ್ಜಿನಲ್ಲಿಡಬೇಕು, ಎರಡು ವರ್ಷ. ಆಮೇಲೆ ಮೊದಲೆರಡರಲ್ಲಿ ಒಂದನ್ನು ಹಿಡಿಯಲೇಬೇಕು, ಇಲ್ಲವಾದರೆ ಕಟ್ಟಿದ ಮೂಳೆಯೆಲ್ಲ ಕರಗುತ್ತದೆ. ಅವೆರಡೂ ಮೂಳೆ ಸವೆಯುವುದನ್ನು ತಡೆಯುತ್ತವೆ, ಇದು ಹೊಸದಾಗಿ ಕಟ್ಟುತ್ತದೆ, ಒಂದು ಮಣಿ ಆಗಲೇ ಮುರಿದಿರುವ ನಿಮಗೆ ಇದೇ ಮೊದಲಾಗಲಿ ಎಂಬುದು ಅವರ ಮನಸ್ಸು. ಕಟ್ಟುತ್ತದೆ ಎಂಬ ಮಾತಿಗೆ ಸೋತು ಅದನ್ನೇ ಆರಿಸಿಕೊಂಡೆ. ಆರಿಸಿದ ಮೇಲೆ ಹೆದರಿಕೆ ಕಡಿಮೆಯಾಗುತ್ತದೆ ಎಂದುಕೊಂಡಿದ್ದೆ. ಇಲ್ಲ.

ಇನ್ನೊಂದು ವಿಷಯ, ಬೇಜಾರು ಮಾಡಿಕೊಳ್ಳಬೇಡ. ಮನೆಯಲ್ಲಿ ಯಾರಿಗಾದರೂ ಬೆನ್ನು ಬಾಗಿದೆಯಾ ಎಂದು ಡಾಕ್ಟರು ಕೇಳಿದರು. ನಮ್ಮವ್ವನಿಗೆ ಬಾಗಿದೆ, ಆದರೆ ಅದು ಮಗ್ಗದ್ದು ಎಂದೆ. ಊರಿನ ನಮ್ಮ ನೇಕಾರರ ಬೀದಿಯಲ್ಲಿ ಎಲ್ಲರೂ ಹೇಳುವುದು ಅದೇ ತಾನೆ. "ಮಗ್ಗ ಅನ್ನಾನೂ ಕೊಡ್ತೈತೆ, ಗೂನೂ ಕೊಡ್ತೈತೆ" ಎಂದು ನೀನೇ ನಗುತ್ತಿದ್ದೆ. ಅವರು ನಗಲಿಲ್ಲ. ಮೊದಲಿಗಿಂತ ಕುಳ್ಳಗಾಗಿದ್ದಾರಾ ಎಂದು ಕೇಳಿದರು. ಗೊತ್ತಿಲ್ಲ ಎಂದು ಹೊರಬಂದವಳಿಗೆ ಬಸ್ಸಿನಲ್ಲಿ ನಿನ್ನ ಬೈಗುಳ ನೆನಪಾಯಿತು. ನಾಲ್ಕೈದು ವರ್ಷದಿಂದ ಸೀರೆ ಉಡುವಾಗೆಲ್ಲ ಸೊಂಟದ ಹತ್ತಿರ ಇನ್ನೊಂದು ಮಡಿಕೆ ಸಿಕ್ಕಿಸಿಕೊಳ್ಳುತ್ತಾ, "ಈಗಿನ ಹುಡುಗ್ರು ಅಗಲ ಜಾಸ್ತಿ ನೇಯ್ತಾರೆ, ಅಳತೇನೇ ತಿಳಿಯಲ್ಲ ಮುಂಡೇವಕ್ಕೆ" ಎನ್ನುತ್ತೀಯಲ್ಲ. ಅವ್ವಾ, ಓಬಳೇಶ ನೇಯುವುದು ಅಪ್ಪ ನೇಯ್ದ ಮಗ್ಗದಲ್ಲೇ. ಅಗಲ ಅಂದಿನದೇ. ಸೀರೆ ಬೆಳೆದಿಲ್ಲ. ಕಿಟಕಿಯ ಕಡೆ ತಿರುಗಿಕೊಂಡು ಊರು ಬರುವವರೆಗೂ ಅತ್ತೆ. ನಿನಗೂ ಸ್ಕ್ಯಾನ್ ಮಾಡಿಸಬೇಕಂತೆ. ವಯಸ್ಸಾದ ಮೇಲೆ ಯಾಕೆ ಎನ್ನಬೇಡ, ನಿನಗೂ ಔಷಧಿ ಇದೆ ಎಂದಿದ್ದಾರೆ. ಓಬಳೇಶನಿಗೆ ಹೇಳಿ ಕಾರು ಮಾಡಿಕೊಂಡು ಬಾ. ಬಸ್ಸೇ ಆದರೆ ಹಿಂದಿನ ಸೀಟಿನಲ್ಲಿ ಮಾತ್ರ ಕೂರಬೇಡ, ಯಾರೂ ಎದ್ದು ಜಾಗ ಕೊಡದಿದ್ದರೂ ಜಗಳವಾಡಿ ಮುಂದೆ ಕೂರು. ಜಗಳ ನಿನಗೆ ಬರುತ್ತದೆ.

ಶಿಲ್ಪ ಚೆನ್ನಾಗಿದ್ದಾಳೆ. ನಿನ್ನ ಅಳಿಯನಿಗೆ ಎಣ್ಣೆ ಮಿಲ್ಲಿನಲ್ಲಿ ಸೀಜನ್, ಬೆಳಕು ಹರಿಯುವ ಮೊದಲೇ ಹೊರಡುತ್ತಾರೆ. ನಾಗರತ್ನನಿಗೆ ನಾನು ಕೇಳಿದೆನೆಂದು ಹೇಳು, ಓಬಳೇಶನ ಮಕ್ಕಳ ತಲೆ ಸವರು. ಹಿತ್ತಿಲ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿ.

ನಿನ್ನ ಮಗಳು,
ದಾಕ್ಷಾಯಿಣಿ

ಮಡಿಸಿದ ಕಾಗದ ಬಿಚ್ಚಿ ಬರೆಯುತ್ತಿದ್ದೇನೆ. ಆ ಚುಚ್ಚುವ ಪೆನ್ನು ಬಂದು ಆಗಲೇ ಕೆಲವು ದಿನವಾಯಿತು, ಫ್ರಿಜ್ಜಿನಲ್ಲಿದೆ. ಬೆಳಿಗ್ಗೆ ತೆಗೆಯುತ್ತೇನೆ, ಹೊಟ್ಟೆಯ ಹತ್ತಿರ ಹಿಡಿಯುತ್ತೇನೆ, ಮತ್ತೆ ಒಳಗಿಡುತ್ತೇನೆ. ಮೊದಮೊದಲು ತಲೆ ಸುತ್ತಬಹುದು, ಕೂತೇ ಹಾಕಿಕೊಳ್ಳಿ ಎಂದಿದ್ದರು ಡಾಕ್ಟರು. ಖಾಲಿ ಮನೆಯಲ್ಲಿ ತಲೆ ಸುತ್ತಿ ಬಿದ್ದರೆ ಇನ್ನೇನು ಮುರಿಯುತ್ತದೋ ಎಂಬ ಹೆದರಿಕೆ. ಇಂಜೆಕ್ಷನ್ ಶುರುವಾಗಿದೆ ಎಂದೇ ನಿನ್ನ ಅಳಿಯ ನಂಬಿದ್ದಾರೆ. ನಿನ್ನ ಸ್ಕ್ಯಾನಿನ ಮಾತು ಸುಳ್ಳಲ್ಲ, ಆದರೆ ಬಾ ಎಂದದ್ದು ಅದಕ್ಕೊಂದಕ್ಕೇ ಅಲ್ಲ. ನೀನೇನೂ ಮಾಡಬೇಕಿಲ್ಲ. ನಾನು ಚುಚ್ಚಿಕೊಳ್ಳುವಾಗ ಪಕ್ಕದಲ್ಲಿ ಕೂತಿರು.