ಉಡಿಯೊಳಗಿನ ಡಿಪಾಜಿಟ್

ಧನಕವಡಿ, ಪುಣೆ
೧ ಆಗಸ್ಟ್ ೨೦೨೫, ಶ್ರಾವಣ ಶುಕ್ರವಾರ

ಚಿ. ಸೌ. ಮಾನಮ್ಮಗೆ ಸುಮಂಗಲಕ್ಕನ ಆಶೀರ್ವಾದಗಳು.

ನಾನು ಸೌಖ್ಯವಾಗಿದ್ದೇನೆ. ನೀನು ಹೇಗಿದ್ದೀ ಎಂದು ಕೇಳೋಣವೆಂದರೆ ಫೋನನ್ನೇ ಎತ್ತುವುದಿಲ್ಲ.

ಈ ಪತ್ರದ ಬೆನ್ನಿಗೇ ಇನ್ನೊಂದು ಲಕೋಟೆ ಬರುತ್ತದೆ, ರಿಜಿಸ್ಟರ್ ಪೋಸ್ಟಿನಲ್ಲಿ. ಪೋಸ್ಟ್‌ಮನ್ ಸಹಿ ಕೇಳುತ್ತಾನೆ, ಹೆದರದೆ ಮಾಡು. ಒಳಗೆ ವಕೀಲರ ನೋಟಿಸು ಇರುತ್ತದೆ, ಮರಾಠಿಯಲ್ಲಿ. ನಿಗಡಿಯ ನನ್ನ ಫ್ಲ್ಯಾಟಿನ ಐದು ತಿಂಗಳ ಬಾಡಿಗೆ ನೀನು, ನಿನ್ನ ಗಂಡ ಧರ್ಮಣ್ಣ ಕೊಟ್ಟಿಲ್ಲ, ಕೊಡಿ ಎಂಬುದೇ ಅದರ ಸಾರ. ಕಳಿಸಿದವಳು ನಾನೇ. ಆದರೆ ಅದನ್ನು ನೋಡಿ ಅಕ್ಕ ನಮ್ಮನ್ನು ಬೀದಿಗೆ ಹಾಕಿದಳು ಎಂದು ನೀನು ರಾತ್ರೋರಾತ್ರಿ ಗಂಟುಮೂಟೆ ಕಟ್ಟಬಾರದು, ಅದಕ್ಕೇ ಮೊದಲು ಈ ಕನ್ನಡ ಪತ್ರ. ನೀನು ಏಳನೆಯ ತನಕ ಕನ್ನಡ ಶಾಲೆ ಕಲಿತವಳು. ನಿಧಾನವಾಗಿ ಓದು.

ನನಗೆ ಸಿಟ್ಟು ಬಂದಿದೆ, ಮುಚ್ಚಿಡುವುದಿಲ್ಲ. ಧರ್ಮಣ್ಣನ ಚಾಕಣದ ಕಾರ್ಖಾನೆ ಕೆಲಸ ಹೋದದ್ದು ನಿಮ್ಮ ಸೊಸೈಟಿಯ ವಾಚ್‌ಮನ್‌ನಿಂದ ನನಗೆ ತಿಳಿಯಬೇಕೇ? ಕಂಪನಿ ಗುತ್ತಿಗೆ ಮಂದಿಯನ್ನೆಲ್ಲ ಬಿಡಿಸಿತಂತೆ, ಅವನು ಈಗ ಬೆಳಗಾದರೆ ಕೂಲಿಯವರು ನಿಲ್ಲುವ ನಾಕಾಕ್ಕೆ ಹೋಗುತ್ತಾನಂತೆ. "ಈ ತಿಂಗಳ ಆಗೂದಿಲ್ರಿ ಅಕ್ಕಾ" ಎಂದು ಒಂದು ಮಾತು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ನಿಜ ಹೇಳಲೇ, ಬಾಡಿಗೆ ಬರದೇ ಇದ್ದದ್ದಕ್ಕಿಂತ ನೀನು ಬರದೇ ಇದ್ದದ್ದು ನನಗೆ ಹೆಚ್ಚು ಕುಟುಕಿತು.

ಬಾಡಿಗೆ ಫೋನಿನಲ್ಲೇ ಹಾಕುತ್ತೇನೆಂದು ಧರ್ಮಣ್ಣ ಅಂದಾಗ, ಬೇಡ, ಮಾನಮ್ಮನೇ ಕೈಯಲ್ಲಿ ತಂದುಕೊಡಲಿ ಎಂದವಳು ನಾನು. ಆ ನೆವದಿಂದ ನೀನು ಬಸ್ಸು ಬದಲಿಸಿ ಬದಲಿಸಿ ಇಲ್ಲಿಗೆ ಬರುತ್ತಿದ್ದೆ, ಶೇಂಗಾ ಚಟ್ನಿ ತರುತ್ತಿದ್ದೆ. ನಮ್ಮವರು ಹೋದ ಮೇಲೆ ಈ ಮನೆಯಲ್ಲಿ ಬಾಯ್ತುಂಬ ಕನ್ನಡ ಆಡುತ್ತಿದ್ದದ್ದು ಅದೊಂದೇ ದಿನ.

ಇನ್ನು ನನ್ನ ಮೈದುನ ಅಂಬಾದಾಸನ ಸಂಗತಿ. ಹೋದ ವಾರ ಬಂದು ಒಂದು ಹೊಸ ಕೀಲಿಯನ್ನು, ಅಂಗೈಯಗಲದ ಬೀಗವನ್ನು, ಮೇಜಿನ ಮೇಲಿಟ್ಟ. ನೀವಿಬ್ಬರೂ ಹೊರಗೆ ಹೋದಾಗ ನಿಮ್ಮ ಬಾಗಿಲಿಗೆ ಜಡಿಯುವುದಂತೆ, ಅದಾಗದಿದ್ದರೆ ಲೈಟು, ನೀರು ಬಂದ್ ಮಾಡುವುದಂತೆ. "ಹಂಗ ಮಾಡಿದ್ರನ ಹಾದಿಗೆ ಬರತಾರ, ವೈನಿ" ಎಂದ. ಮತ್ತೊಂದು ಮಾತೂ ಹೇಳಿದ. ಫ್ಲ್ಯಾಟಿನ ಮುಖತ್ಯಾರಪತ್ರವನ್ನು ಅವನ ಹೆಸರಿಗೆ ಬರೆದುಕೊಟ್ಟು ನಾನು ಅವನ ಮನೆಗೆ ಹೋಗಿ ಇರಬೇಕಂತೆ, ವಸೂಲಿ ಅವನೇ ನೋಡಿಕೊಳ್ಳುತ್ತಾನಂತೆ. ನಮ್ಮವರು ಅಡತಿ ಅಂಗಡಿಯ ಕಾರಕೂನರು, ಪೆನ್ಶನ್ ಇಲ್ಲ. ನಿನ್ನ ಬಾಡಿಗೆಯೇ ನನ್ನ ಅನ್ನ. ಅದು ನಿಂತರೆ ನಾನು ಅವನ ಅಡಿಗೆಮನೆಯ ಮೂಲೆ ಸೇರಿ, ಚಹಾಕ್ಕೂ ಕೇಳಿ ಕುಡಿಯುವವಳಾಗಬೇಕು. ಗೌರಿ ಹಬ್ಬದೊಳಗೆ ಹೇಳುತ್ತೇನೆ ಎಂದಿದ್ದೇನೆ.

ಅಷ್ಟರಲ್ಲಿ ಕನ್ನಡ ಸಂಘದ ರಂಜಿನಿ ವಕೀಲರ ಹತ್ತಿರ ಹೋದೆ. ಅಂಬಾದಾಸನೂ ಬಂದ. ಕೀಲಿಯ ಮಾತು ಕೇಳಿದ ಕೂಡಲೇ ಆಕೆ, "ಕೀಲಿ ಹಾಕಿದ್ರ, ನೀರು-ಲೈಟು ಕಡಿದ್ರ ಕೇಸು ನಿಮ್ಮ ಮ್ಯಾಲೇ ಆಗತದ್ರಿ" ಎಂದು ಅವನ ಬಾಯಿ ಮುಚ್ಚಿಸಿದಳು. ಸರಿಯಾದ ದಾರಿ ಒಂದೇ. ಬಾಕಿ ಎಷ್ಟೆಂದು ಬರೆದು ನೋಟಿಸು ಕಳಿಸಬೇಕು. ಅದು ಕೈಗೆ ಸೇರಿದ ಮೇಲೆ ಬಾಡಿಗೆಯವರಿಗೆ ತೊಂಬತ್ತು ದಿನ. ಅಷ್ಟರೊಳಗೆ ತೀರಿಸಿದರೆ ಬಾಕಿಯ ಕಾರಣಕ್ಕೆ ಮನೆ ಬಿಡಿಸುವ ದಾವೆ ಹಾಕಲು ಬರುವುದಿಲ್ಲ. ತೀರಿಸದಿದ್ದರೆ ಮನೆಗೂ ಬಾಕಿಗೂ ಕೋರ್ಟಿಗೆ ಹೋಗಬಹುದು.

ಆಮೇಲೆ ಕರಾರುಪತ್ರ ಕೇಳಿದಳು. ಎಲ್ಲಿಂದ ತರಲಿ? ನಮ್ಮ ಕಡೆಯವರು, ಕನ್ನಡದವರು, ಅವರ ಜೊತೆ ಎಂಥ ಕರಾರು ಎಂದು ಬಿಟ್ಟವಳು ನಾನೇ. ರಂಜಿನಿ ಹಣೆ ಗಟ್ಟಿಸಿಕೊಂಡಳು. ಕರಾರು ಬರೆದು ನೋಂದಣಿ ಮಾಡಿಸುವುದು ಮಾಲೀಕರ ಕೆಲಸವಂತೆ. ಮಾಡಿಸದಿದ್ದರೆ, ಬೇರೆ ಪುರಾವೆ ಸಿಗುವ ತನಕ, ಬಾಡಿಗೆಯವರು ಹೇಳಿದ್ದೇ ಕರಾರು. ಒಂಬತ್ತು ಸಾವಿರದ ಬಾಡಿಗೆಯನ್ನು ನೀನು ನಾಲ್ಕೇ ಸಾವಿರ ಎಂದರೆ, ಅಲ್ಲ ಎನ್ನಲು ನನ್ನ ಹತ್ತಿರ ಒಂದು ಚೀಟಿಯೂ ಇಲ್ಲ. ನೋಡು ಮಾನಮ್ಮ, ನನ್ನ ಅನ್ನ ಈಗ ನಿನ್ನ ನಾಲಗೆಯ ಮೇಲಿದೆ. ಇದನ್ನು ನಿನಗೆ ತಿಳಿಸಬೇಡಿರೆಂದು ರಂಜಿನಿ ಹೇಳಿದ್ದಳು. ತಿಳಿಸಿದೆ.

ಕೊನೆಗೆ ಡಿಪಾಜಿಟ್ ಎಷ್ಟೆಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅಂಬಾದಾಸ, "ಡಿಪಾಜಿಟ್ ತಗೊಂಡಿಲ್ಲ ಅಂತ ಬರೀರಿ. ಎಲ್ಲೆ ಅದ ಪಾವತಿ?" ಎಂದ.

ಪಾವತಿ ಚೀಟಿ ಇಲ್ಲ, ನಿಜ. ನೀವು ಮನೆ ಹೊಕ್ಕ ದಿನ ನಿನಗೆ ನೆನಪಿದೆಯೇ? ಮೂವತ್ತು ಸಾವಿರವನ್ನು ಅಕ್ಕಿ, ಕಾಯಿ, ಖಣದ ಜೊತೆ ನನ್ನ ಉಡಿಗೆ ಹಾಕಲು ಬಂದೆ. ನಾನು ಸೆರಗು ಹಿಂದಕ್ಕೆಳೆದುಕೊಂಡೆ. ಗಂಡನಿಲ್ಲದವಳಿಗೆ ಉಡಿ ತುಂಬುವ ಪದ್ಧತಿ ಎಲ್ಲಿದೆ? "ನೆರಳು ಕೊಟ್ಟಾಕಿಗೆ ತುಂಬದ ಇನ್ಯಾರಿಗೆ ತುಂಬಲ್ರಿ ಅಕ್ಕಾ?" ಎಂದು ನೀನು ಬಿಡಲಿಲ್ಲ. ನಮ್ಮವರು ಹೋದ ಮೇಲೆ ನನ್ನ ಉಡಿ ತುಂಬಿದವಳು ನೀನೊಬ್ಬಳೇ. ಅದಕ್ಕೆ ಪಾವತಿ ಬರೆಯಲು ನನ್ನ ಕೈ ಹೇಗೆ ಏಳಬೇಕಿತ್ತು?

"ತಗೊಂಡೀನ್ರಿ, ಉಡಿಯೊಳಗ" ಎಂದೆ. ರಂಜಿನಿ ಪೆನ್ನು ನಿಲ್ಲಿಸಿ ನಕ್ಕಳು, ನಗುತ್ತಲೇ ಬರೆದುಕೊಂಡಳು.

ಹಾಗಾಗಿ ನೋಟಿಸಿನಲ್ಲಿ ಡಿಪಾಜಿಟ್ ಇದೆ. ಅದನ್ನು ಬಾಕಿಗೆ ಹಿಡಿದರೆ ಉಳಿಯುವುದು ಹದಿನೈದು ಸಾವಿರ. ಧರ್ಮಣ್ಣನಿಗೆ ಕೆಲಸ ಸಿಗುವ ತನಕ ಕಂತಿನಲ್ಲಿ ಕೊಡಿ, ರಂಜಿನಿ ಬರೆದುಕೊಡುತ್ತಾಳೆ. ಈ ಸಲ ಕರಾರು ನೋಂದಣಿಯನ್ನೂ ಮಾಡಿಸೋಣ. ಆದರೆ ತೊಂಬತ್ತು ದಿನವೂ ನೀನು ಹೀಗೇ ಸುಮ್ಮನಿದ್ದರೆ ನಾನು ದಾವೆ ಹೂಡುತ್ತೇನೆ. ಹೂಡಿ, ಮನೆಗೆ ಬಂದು ಅಳುತ್ತೇನೆ. ಆದರೂ ಹೂಡುತ್ತೇನೆ. ಧರ್ಮಣ್ಣನಿಗೂ ಇದನ್ನು ಓದಿ ಹೇಳು.

ನಿನ್ನ ಹಾದಿ ನೋಡುತ್ತಿರುವ
ಸುಮಂಗಲಾ

ತಾ.ಕ.: ಅಂಬಾದಾಸ ನಿಮ್ಮ ಬಾಗಿಲಿಗೆಂದು ತಂದ ಕೀಲಿ ಒಳ್ಳೆಯದೇ ಇದೆ, ಸುಮ್ಮನೆ ಯಾಕೆ ಹಾಳಾಗಬೇಕು? ಫ್ಲ್ಯಾಟಿನ ಕಾಗದಗಳಿರುವ ನನ್ನ ಟ್ರಂಕಿಗೆ ಹಾಕಿದ್ದೇನೆ. ಗೌರಿ ಹಬ್ಬದ ತನಕ ಅವನು ಕಾಯಬೇಕಾಗಿಲ್ಲ, ನನ್ನ ಉತ್ತರ ಇದೇ. ಕೀಲಿಕೈ ಎರಡಿವೆ. ಒಂದು ನನ್ನ ಸೆರಗಿನ ಗಂಟಿನಲ್ಲಿದೆ. ಇನ್ನೊಂದನ್ನು ಯಾರ ಹತ್ತಿರ ಇಡಲೆಂದು ಭಾಳ ಯೋಚಿಸಿದೆ. ನೀನು ಬಂದಾಗ ಒಯ್ಯಿ.